ಏಳು ಜೊತೆ ಚಪ್ಪಲಿ

ವಿಜಯನಗರದಿಂದ ಹೆಗ್ಗನಹಳ್ಳಿಗೆ ಹತ್ತು ಕಿಲೋಮೀಟರ್ ಕೂಡ ಇಲ್ಲ. ಇದನ್ನೂ ಪ್ರವಾಸ ಅನ್ನುತ್ತಾನಲ್ಲ ಎಂದು ನಗುವವರು ನಗಲಿ. ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಹೊರಟಾಗ ನಾನೂ ನಕ್ಕಿದ್ದೆ.

ನಮ್ಮ ಕೆಳಗಿನ ಮನೆಯ ಶಾರದಾ ಟೀಚರ್ ಹೆಗ್ಗನಹಳ್ಳಿ ಕಡೆ ಸರ್ಕಾರಿ ಶಾಲೆಯಲ್ಲಿ ಪಾಠ ಹೇಳುತ್ತಾರೆ. ಶಾಲೆಗೆ ಬಾರದ ಮಕ್ಕಳನ್ನು, ಹೆಚ್ಚಾಗಿ ಹೊರರಾಜ್ಯದಿಂದ ಬಂದ ಕೂಲಿಯವರ ಮಕ್ಕಳನ್ನು, ಮನೆಮನೆ ಸುತ್ತಿ ಪಟ್ಟಿ ಮಾಡುವ ಕೆಲಸ ಅವರ ತಲೆಗೆ ಬಿದ್ದಿತ್ತು.

"ನೀನೂ ಬಾರೋ. ನಿನ್ ಕೋತಿಚೇಷ್ಟೆ ನೋಡಕ್ಕಾದ್ರೂ ಮಕ್ಳು ಹೊರಗ್ ಬರ್ತವೆ," ಎಂದರು.

"ನಂಗೆ ಹಿಂದಿ ಬರಲ್ಲ ಆಂಟಿ."

"ಕನ್ನಡಾನೂ ನೆಟ್ಟಗೆ ಬರಲ್ಲ. ಹೊರಡು."

ನಿಜ. ಮಿಮಿಕ್ರಿ ಮಾಡುವ ನನಗೆ ಆರು ಭಾಷೆಯ ರಾಗ ಬರುತ್ತದೆ, ಭಾಷೆ ಬರುವುದಿಲ್ಲ. ನನ್ನ ಹೆಮ್ಮೆಯ ಐಟಂ ಕೋಗಿಲೆ. ಅದಕ್ಕೂ ಒಂದು ಐಬಿದೆ: ಮುಂದಿನ ಹಲ್ಲು ಮುರಿದಿರುವುದರಿಂದ ಕೂಗಿನ ಕೊನೆಗೆ 'ಸ್ಸ್' ಎಂದು ಗಾಳಿ ಸೋರುತ್ತದೆ. ಗೆಳೆಯರು 'ಪಂಕ್ಚರ್ ಕೋಗಿಲೆ' ಎನ್ನುತ್ತಾರೆ.

ಬಸ್ಸಿನಲ್ಲಿ ಟೀಚರ್‌ಗೆ ಹೆಂಗಸರ ಉಚಿತ ಸೊನ್ನೆ ಟಿಕೆಟ್, ನನಗೆ ಹದಿನೆಂಟು ರೂಪಾಯಿ. ಮಾಗಡಿ ರಸ್ತೆಯ ಜಾಮಿನಲ್ಲಿ ಕಂಡಕ್ಟರ್ ದನಿಯಲ್ಲಿ "ಮುಂದೆ ಹೋಗ್ರೀ" ಎಂದೆ. ಇಬ್ಬರು ನಿಜಕ್ಕೂ ಮುಂದೆ ಹೋದರು. "ಹಂಗೇ ಟಿಕೆಟ್ಟೂ ಹರ್ದ್ಬಿಡು ಗುರು," ಎಂದ ಕಂಡಕ್ಟರ್. ಸುಂಕದಕಟ್ಟೆಯಲ್ಲಿ ಇಳಿದಾಗ ತುಂತುರು ಆಗಷ್ಟೇ ನಿಂತಿತ್ತು. ಇಡ್ಲಿ ತಿಂದು, ಕೆಸರು ದಾಟುತ್ತ ಹೆಗ್ಗನಹಳ್ಳಿ ಗಲ್ಲಿಗಳಿಗೆ ನಡೆದೆವು.

ಮಧ್ಯಾಹ್ನದವರೆಗೆ ನನ್ನ ಕೋಗಿಲೆಗೆ ಪ್ರತಿ ಬೀದಿಯಲ್ಲೂ ಮಕ್ಕಳು ಓಡಿ ಬಂದರು. ಕೊನೆಯ ಗಲ್ಲಿಗೆ ತಿರುಗಿದಾಗ ಸದ್ದು ನಿಂತಿತು. ಎರಡೂ ಕಡೆ ಇಳಿಸಿದ ಶೆಟರುಗಳು. ಟಿವಿ ಇಲ್ಲ, ಕುಕ್ಕರಿನ ಸೀಟಿ ಇಲ್ಲ, ಒಂದು ನಾಯಿ ಕೂಡ ಇಲ್ಲ. ಊದುಬತ್ತಿಯ ವಾಸನೆ ಮಾತ್ರ ಗಂಟಲಿಗೆ ಇಳಿಯುವಷ್ಟು ದಟ್ಟವಾಗಿತ್ತು, ಸಾವಿನ ಮನೆಯಲ್ಲಿ ಇರುವಂತೆ.

ಕೊನೆಯ ಶೆಟರಿನ ಮುಂದೆ ಒಬ್ಬ ಹೆಂಗಸು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. ಪಕ್ಕದಲ್ಲಿ ಸಾಲಾಗಿ ಏಳು ಜೊತೆ ಚಪ್ಪಲಿ. ಎಲ್ಲವೂ ಪುಟ್ಟವು.

"ಮಕ್ಳಾ? ಇಲ್ಲಿ ಯಾವ ಮಕ್ಳೂ ಇಲ್ಲ ಮೇಡಂ. ಊದುಬತ್ತಿ ಗೋಡೌನ್ ಇದು."

"ಇವು?"

"ಗುಜರಿಗೆ ಹಾಕೋದು."

ಟೀಚರ್ ಬಗ್ಗಿ ಒಂದು ಚಪ್ಪಲಿಯ ಅಡಿ ಮುಟ್ಟಿದರು. ಬೆರಳಿಗೆ ಹಸಿ ಕೆಸರು ಹತ್ತಿತು. ನನ್ನತ್ತ ನೋಡಿದರು.

ನಾನು ಎರಡು ಸಲ ಕೂಗಿದೆ.

ಶೆಟರಿನ ಒಳಗಿಂದ ಮೂರು ಸಲ ಬಂತು.

"ಕೋಗಿಲೆ ಕಣಪ್ಪ," ಎಂದರು ಹೆಂಗಸು.

ಅಲ್ಲ. ಮೂರು ಸಲವೂ ಕೊನೆಗೆ ಗಾಳಿ ಸೋರಿತ್ತು. ನನ್ನ ಮುರಿದ ಹಲ್ಲು ಯಾವ ಹಕ್ಕಿಗೂ ಇಲ್ಲ. ಒಳಗೆ ಯಾರೋ ಕತ್ತಲಲ್ಲಿ ಕೂತು, ಬೆಳಿಗ್ಗೆಯಿಂದ ದೂರದ ಬೀದಿಗಳಲ್ಲಿ ನಾನು ಕೂಗುತ್ತಿದ್ದುದನ್ನು ಕಲಿಯುತ್ತಿದ್ದರು. ನನ್ನದೇ ದನಿ ಗೋಡೆಯಾಚೆ ಇನ್ನೊಬ್ಬರ ಬಾಯಲ್ಲಿತ್ತು.

ಟೀಚರ್ ಗಲ್ಲಿಯ ತುದಿಗೆ ಹೋಗಿ ಮಕ್ಕಳ ಸಹಾಯವಾಣಿಗೆ ಫೋನ್ ಮಾಡಿದರು. ನಾನೂ ಜೊತೆಗೆ ಹೋದದ್ದು ತಪ್ಪಾಯಿತು. ಆ ಐದು ನಿಮಿಷ ಶೆಟರನ್ನು ಕಾಯುವವರು ಇರಲಿಲ್ಲ. ವಾಪಸು ಬಂದವರೇ ಟೀಚರ್ ಅದಕ್ಕೆ ಬೆನ್ನು ಕೊಟ್ಟು ನಿಂತರು. ಸಹಾಯವಾಣಿಯ ವ್ಯಾನು ಬರಲು ಒಂದೂವರೆ ಗಂಟೆ ಹಿಡಿಯಿತು. ಅವರು ಕದಲಲಿಲ್ಲ.

ಅದರಲ್ಲಿ ಬಂದ ಅಧಿಕಾರಿಯೂ ಪೊಲೀಸರೂ ಶೆಟರ್ ಎತ್ತಿಸಿದರು. ಆರು ಮಕ್ಕಳು ಬೆಳಕಿಗೆ ಕಣ್ಣು ಕಿರಿದು ಮಾಡಿಕೊಂಡು ಬಂದರು. ಮೊಣಕೈವರೆಗೂ ಊದುಬತ್ತಿಗೆ ಕಲಸುವ ಇದ್ದಿಲ ಕಪ್ಪು. ಎಲ್ಲಿಂದಲೋ ರೈಲಿನಲ್ಲಿ ತಂದ ಮಕ್ಕಳು. ಯಾರಿಗೂ ಕನ್ನಡ ಬರುತ್ತಿರಲಿಲ್ಲ. ಒಬ್ಬೊಬ್ಬರೂ ತಮ್ಮ ಚಪ್ಪಲಿ ಹುಡುಕಿ ಮೆಟ್ಟಿಕೊಂಡರು. ಒಂದು ಜೊತೆ ಉಳಿಯಿತು. ಎಲ್ಲಕ್ಕಿಂತ ಚಿಕ್ಕದು, ನೀಲಿ, ಕಿತ್ತ ಪಟ್ಟಿಗೆ ಪಿನ್ನು ಹಾಕಿದ್ದು.

"ಯಾವ್ದೋ ಹಳೇದು ಮೇಡಂ. ಒಳಗೆಲ್ಲ ನೋಡಾಯ್ತು. ಆರು ಅಂತ ಬರ್ದಿದೀನಿ, ಸೈನ್ ಮಾಡಿ," ಎಂದರು ಅಧಿಕಾರಿ.

"ಆರಕ್ಕೆ ನಾನ್ ಸೈನ್ ಹಾಕಲ್ಲ ಸಾರ್. ನೀವು ಹೋದ್ಮೇಲೆ ಏಳನೇದು ಯಾರ ಕೈಲಿರತ್ತೆ?"

ಟೀಚರ್ ಆರರಲ್ಲಿ ದೊಡ್ಡ ಹುಡುಗಿಯನ್ನು ಹಿಂದಿಯಲ್ಲಿ ಕೇಳಿದರೆ, ಅವಳು ಕುರ್ಚಿಯ ಹೆಂಗಸನ್ನು ನೋಡಿ ತುಟಿ ಬಿಗಿದಳು. ಆಗ ನಾನು ಖಾಲಿ ಗೋಡೌನಿನ ಒಳಗೆ ನಿಂತು ಎರಡು ಸಲ ಕೂಗಿದೆ. ಹೊರಗಿನ ಆರೂ ಬಾಯಿ ಮುಚ್ಚಿದ್ದವು.

ತಲೆಯ ಮೇಲಿಂದ ಮೂರು ಸಲ ಬಂತು.

ಅಟ್ಟದಲ್ಲಿ, ರಟ್ಟಿನ ಪೆಟ್ಟಿಗೆಗಳ ಹಿಂದೆ, ಆರೇಳು ವರ್ಷದ ಹುಡುಗಿ. ನಾವು ಫೋನ್ ಮಾಡಲು ಹೋದಾಗ, ಕೂಗಿಗೆ ಉತ್ತರ ಕೊಟ್ಟಳೆಂದು ಕುರ್ಚಿಯ ಹೆಂಗಸು ಅವಳನ್ನು ಮೇಲೆ ತಳ್ಳಿ ಪೆಟ್ಟಿಗೆ ಒಟ್ಟಿದ್ದರು. ಇಳಿದು ಬಂದು ನೀಲಿ ಚಪ್ಪಲಿ ಮೆಟ್ಟಿ, ನನ್ನ ಮುರಿದ ಹಲ್ಲನ್ನೇ ದಿಟ್ಟಿಸಿದಳು. ಅವಳ ಹಲ್ಲೆಲ್ಲ ನೆಟ್ಟಗಿದ್ದವು. ಅಧಿಕಾರಿ ತಲೆ ಎತ್ತದೆ ಆರನ್ನು ಏಳು ಎಂದು ತಿದ್ದಿದರು.

ಪೊಲೀಸರು ಕುರ್ಚಿಯ ಹೆಂಗಸನ್ನು ಠಾಣೆಗೆ ಕರೆದೊಯ್ದರು, ಮಕ್ಕಳ ಜೊತೆ ಟೀಚರ್ ವ್ಯಾನು ಹತ್ತಿದರು. "ನೀನ್ ಬಸ್ಸಲ್ಲಿ ಹೋಗಪ್ಪ, ಅಮ್ಮ ಕಾಯ್ತಿರ್ತಾರೆ," ಎಂದರು. ವ್ಯಾನು ತಿರುವಿನಲ್ಲಿ ಮರೆಯಾದ ಮೇಲೆ, ಹುಡುಗಿಗೆ ಕೇಳಲಿ ಎಂದು ನಾನು ಇನ್ನೊಮ್ಮೆ ಕೂಗಿದೆ.

ಉತ್ತರ ಬಂತು. ಕೊನೆಗೆ ಗಾಳಿಯೂ ಸೋರಿತು. ಆದರೆ ವ್ಯಾನು ಹೋದ ಕಡೆಯಿಂದಲ್ಲ, ಎದುರಿನ ಶೆಟರಿನ ಒಳಗಿಂದ. ಅದರ ಮುಂದೆ ಒಂದು ಜೊತೆ ಚಪ್ಪಲಿಯೂ ಇರಲಿಲ್ಲ.

ಫೋನ್ ತೆಗೆದೆ. "ಆಂಟಿ, ವ್ಯಾನ್ ತಿರುಗ್ಸಿ." ಈ ಸಲ ಯಾರ ದನಿಯೂ ಅಲ್ಲ, ನನ್ನದೇ. ಆಮೇಲೆ ಆ ಶೆಟರಿಗೆ ಬೆನ್ನು ಕೊಟ್ಟು ನಿಂತೆ.