ಮನೆಗೊಂದು ಗೋಡೆ

ಹಳೆಯ ಮನೆಗಳನ್ನು ಕೆಡವಿ ಕಲ್ಲು, ಬಾಗಿಲು, ತೊಲೆ ಮಾರುವುದು ನನ್ನ ಕಸುಬು. ಶಹಾಪುರದಿಂದ ಹುಣಸಗಿವರೆಗೆ ಬೀಳುವಂಥ ಮನೆ ಎಲ್ಲಿದ್ದರೂ ನನಗೆ ಮೊದಲು ಗೊತ್ತಾಗುತ್ತದೆ. ಹಾಗಾಗಿ ದೋರನಹಳ್ಳಿ ಕಡೆಯ ನಮ್ಮ ಹಳ್ಳಿಯ ಕ್ರೈಸ್ತರು ಚರ್ಚು ಕಟ್ಟಲು ನಿಂತಾಗ ಕಲ್ಲು ತರುವ ಹೊಣೆ ನನ್ನ ಮೇಲೆ ಬಿತ್ತು. ಚೌಕಾಸಿ ಮಾಡಿ ಒಳ್ಳೆಯ ಕಲ್ಲನ್ನೇ ತಂದೆ. ಕಟ್ಟುವ ರೀತಿಯಲ್ಲಿ ಮಾತ್ರ ನನ್ನ ಮಾತು ನಡೆಯಲಿಲ್ಲ.

ನಮ್ಮವರೆಲ್ಲ ಕೂಲಿಯವರು. ಊರಿನ ಯಾವ ಗುಡಿಯ ಮೆಟ್ಟಿಲನ್ನೂ ನಮ್ಮ ಹಿರಿಯರು ಹತ್ತಿದವರಲ್ಲ. ಅದಕ್ಕೇ ಈ ಚರ್ಚಿನಲ್ಲಿ ಪ್ರತಿ ಮನೆಗೂ ತನ್ನದೇ ಆದ ಒಂದು ತುಂಡು ಗೋಡೆ ಬೇಕಿತ್ತು. ಪಾಯ ತೋಡಿದ ಮೇಲೆ ಹಗ್ಗ ಹಿಡಿದು ಪಾಲು ಹಂಚಿಕೊಂಡರು. ಹತ್ತಿ ಬಿಡಿಸುವುದು ಮುಗಿದಾಗ ಒಬ್ಬರು, ದೂರದ ಊರಿನ ಗಾರೆ ಕೆಲಸದಿಂದ ಮರಳಿದಾಗ ಇನ್ನೊಬ್ಬರು ತಮ್ಮ ಪಾಲು ಕಟ್ಟಿದರು. ವರ್ಷಗಳು ಹೋದವು. ಒಂದು ಪಾಲಿನ ಕಲ್ಲು ಪಕ್ಕದ ಪಾಲಿನೊಳಗೆ ಹೊಗಬೇಕು, ಇಲ್ಲದಿದ್ದರೆ ಗೋಡೆ ಒಂದಾಗುವುದಿಲ್ಲ ಎಂದು ಹೇಳುತ್ತಲೇ ಇದ್ದೆ. ಇನ್ನೊಬ್ಬರ ಕಲ್ಲು ತಮ್ಮ ಗೋಡೆಗೆ ಬರುವುದು ಯಾರಿಗೂ ಬೇಡವಾಗಿತ್ತು. ಏನನ್ನೇ ಕಟ್ಟುವವರಿರಲಿ, ನನ್ನ ಇದೊಂದು ಮಾತು ಕೇಳಿ: ಮೊದಲು ಕಲ್ಲು ಹೆಣೆಯಿರಿ, ಅಭಿಮಾನ ಆಮೇಲೆ.

ಬಾಗಿಲ ಬಲಗಡೆಯದು ನನ್ನ ದೊಡ್ಡವ್ವನ ಪಾಲು. ದೊಡ್ಡಪ್ಪ ಅದನ್ನು ಒಬ್ಬನೇ ಮಣ್ಣು ತುಳಿದು, ಕೆಮ್ಮುತ್ತ ಕೆಮ್ಮುತ್ತ ಕಟ್ಟಿದ. ನಡುವೆ ಉಬ್ಬಿಕೊಂಡಿತು. ಗೋಡೆ ಬಸುರಾಗಿದೆ ಎಂದು ಮಂದಿ ನಕ್ಕರೆ ಅವನೂ ನಗುತ್ತಿದ್ದ. ಕೊನೆಯ ಸಾಲು ಇಟ್ಟ ಮಳೆಗಾಲದಲ್ಲೇ ತೀರಿಕೊಂಡ. ಅವರಿಗೆ ಮಕ್ಕಳಿರಲಿಲ್ಲ, ಅವನದೊಂದು ಫೋಟೊ ಕೂಡ ಇರಲಿಲ್ಲ. ದೊಡ್ಡವ್ವನಿಗೆ ಉಳಿದದ್ದು ಆ ಗೋಡೆ.

ಕಡೆಗೊಮ್ಮೆ ಚಾವಣಿ ಹಾಕಲು ಸುರಪುರದಿಂದ ಕಟ್ಟಡ ಕೆಲಸದ ಗೌಂಡಿಯನ್ನು ಕರೆಸಿದೆವು. ಅವನು ಪಾಲುಗಳ ನಡುವಿನ ಬಿರುಕಿಗೆ ಕೈ ಹಾಕಿ ನೋಡಿದ.

"ಇದು ಚರ್ಚ್ ಅಲ್ಲರಿ. ಮನಿಗೊಂದು ಗ್ವಾಡಿ, ಮಗ್ಗಲ ಮಗ್ಗಲ ನಿಂತಾವ, ಅಷ್ಟ."

ಉಳಿದವುಗಳ ಅಂಚು ಬಿಚ್ಚಿ ಹೆಣೆಯಬಹುದು, ಆದರೆ ತೊಲೆ ಕೂರುವುದು ಉಬ್ಬಿದ ಗೋಡೆಯ ಮೇಲೆ, ಅದನ್ನು ಪೂರ್ತಿ ಇಳಿಸಲೇಬೇಕು ಎಂದ. ಎಲ್ಲರೂ ನನ್ನ ಮುಖ ನೋಡಿದರು.

ದೊಡ್ಡವ್ವನ ಮುಂದೆ ವ್ಯಾಪಾರದ ಹಾಗೆಯೇ ಮಾತು ತೆಗೆದೆ. ಒಂದೊಂದು ಕಲ್ಲಿಗೂ ಸುಣ್ಣದ ಗುರುತು ಹಾಕಿ ಅದರದರ ಜಾಗಕ್ಕೇ ಇಡಿಸುತ್ತೇನೆಂದೆ. ಬಿದ್ದು ಯಾರಿಗಾದರೂ ಏನಾದರೂ ಆದರೆ ದೊಡ್ಡಪ್ಪನ ಹೆಸರೇ ಕೆಡುತ್ತದೆಂದು ಹೆದರಿಸಿಯೂ ನೋಡಿದೆ. ಆಕೆ ಹತ್ತಿಕಟ್ಟಿಗೆ ಮುರಿದು ಒಲೆಗೆ ಹಾಕುತ್ತಿದ್ದಳು.

"ಮಂದಿ ಮನಿ ಕೆಡವಿ ಉಂಡಾಂವ ನೀ. ನಿನಗ ಕಲ್ಲಷ್ಟ ಕಾಣ್ತಾವ, ತಮ್ಮಾ."

"ಗ್ವಾಡಿ ಬಿದ್ರ ಏನ್ ಮಾಡ್ತಿ, ದೊಡ್ಡವ್ವ?"

"ತಾನಾಗೇ ಬೀಳೂದು ಬ್ಯಾರೆ. ನೀವು ಕೆಡವೂದು ಬ್ಯಾರೆ." ಒಲೆ ಊದಿದಳು. ಇನ್ನೊಂದು ಕಟ್ಟಿಗೆ ಮುರಿದು ಹಾಕಿ, "ಹುಡುಗರು ಅದರ ಬುಡಕ ಕುಂದರ್ತಾವ. ಕೆಡವ್ರಿ" ಎಂದಳು.

ನಾನು ಗುರುತು ಹಾಕಿದ್ದೆ. ಗೌಂಡಿ ಕಲ್ಲುಗಳ ಮುಖ ಕೆತ್ತಿ ಸಮ ಮಾಡುವಾಗ ಸುಣ್ಣ ಹೋಯಿತು. ಯಾವುದು ಎಲ್ಲಿಯದು ಎಂದು ಕಲ್ಲಿನಲ್ಲೇ ಬದುಕುವ ನನಗೂ ತಿಳಿಯಲಿಲ್ಲ. ಮೇಲೆ ಸಿಮೆಂಟು ಬಳಿದರು.

ತಗಡು ಹೊದಿಸಿದ ಮೊದಲ ಭಾನುವಾರ ದೊಡ್ಡವ್ವ ಬಂದು, ನಮ್ಮದು ಎಲ್ಲಿಂದ ಎಲ್ಲಿಗೆ ಎಂದು ಕೇಳಿದಳು. ಅಂದಾಜಿನಲ್ಲಿ ಕೈ ತೋರಿಸಿದೆ. ಆಕೆ ಅಂಗೈ ಊರಿ ಗೋಡೆಯನ್ನು ಮೇಲಿನಿಂದ ಕೆಳಗೆ ಸವರಿ ಆ ಉಬ್ಬನ್ನು ಹುಡುಕಿದಳು.

"ಭಾಳ ನೆಟ್ಟಗ ಆಗ್ಯದ" ಎಂದು, ಎದುರು ಗೋಡೆಯ ಹತ್ತಿರ ಹೋಗಿ ಕುಳಿತಳು. ಈಗಲೂ ಅಲ್ಲೇ ಕೂರುತ್ತಾಳೆ.