ಒಂದು ದಿನ ತಡವಾಗಿ ಬಂದ ಗಣೇಶ

ಕುಡಿತ ಬಿಟ್ಟು ಎಷ್ಟೋ ವರ್ಷಗಳಾದ ಮೇಲೆ ನನಗೆ ಸಭೆಗಳೆಂದರೆ ಬೇಸರ ಹುಟ್ಟಿತು. ಬಿಟ್ಟವರು, ಬಿಡಲು ಹೆಣಗುತ್ತಿರುವವರು ಭಾನುವಾರ ಮಧ್ಯಾಹ್ನ ಚಾಮರಾಜಪೇಟೆಯ ಒಂದು ಪ್ರೈಮರಿ ಶಾಲೆಯಲ್ಲಿ ಸೇರುತ್ತಿದ್ದೆವು. ಮಕ್ಕಳ ಗಿಡ್ಡ ಬೆಂಚುಗಳು, ಗೋಡೆಯ ಮೇಲೆ ವರ್ಣಮಾಲೆ, ಮೆಲ್ಲಗೆ ತಿರುಗುವ ಫ್ಯಾನು. ಊಟದ ಮಂಪರಿನಲ್ಲಿ ಒಬ್ಬೊಬ್ಬರ ಮಾತೂ ಕೆರೆಯ ಆಚೆ ದಡದಿಂದ ತೇಲಿಬಂದಂತೆ ಕೇಳುತ್ತಿತ್ತು. ಶುರುವಿನಲ್ಲಿ ಆ ಮಾತುಗಳನ್ನೇ ಹಿಡಿದುಕೊಂಡು ವಾರಗಳನ್ನು ದಾಟಿದವಳು ನಾನು. ಇನ್ನು ಸಾಕು, ಬರುವುದಿಲ್ಲ ಎಂದು ಹೇಳಿಬಿಡಬೇಕೆಂದೇ ಆ ಭಾನುವಾರ ಹೋಗಿದ್ದೆ.

ನಮ್ಮಲ್ಲಿ ಎಲ್ಲರಿಗಿಂತ ಹಿರಿಯರೊಬ್ಬರಿದ್ದರು. ಎಲ್ಲರಿಗೂ ಅವರು ತಾತ. ಪ್ರತಿಸಲವೂ ಅವರು ಹೇಳುತ್ತಿದ್ದುದು ಒಂದೇ ಕಥೆ. ಹಬ್ಬದ ಹಿಂದಿನ ಸಂಜೆ ಗಣೇಶನನ್ನು ಕೊಂಡು, ಬುಟ್ಟಿಯಲ್ಲಿಟ್ಟುಕೊಂಡೇ ಉಪ್ಪಾರಪೇಟೆಯ ಬಾರೊಂದಕ್ಕೆ ಹೋಗಿದ್ದರಂತೆ. ಅಲ್ಲಿಂದ ಯಾವ ಬಸ್ಸು ಹತ್ತಿದರೋ ಅವರಿಗೇ ತಿಳಿಯದು. ಕಣ್ಣು ಬಿಟ್ಟಾಗ ಗುರುತಿಲ್ಲದ ಊರು, ಹಬ್ಬದ ಬಿಸಿಲು.

ಆ ದಿನವೂ ತಾತ ಅಲ್ಲಿಯವರೆಗೆ ಬಂದರು. “ಬಸ್ಸಲ್ಲಿ ಕಣ್ ಬಿಟ್ಟೆ…” ಎಂದವರು ನಿಂತುಬಿಟ್ಟರು. ಕಿಟಕಿಯತ್ತ ನೋಡಿದರು. ಮುಂದಿನದು ಅವರಿಗೆ ಸಿಗಲಿಲ್ಲ.

ಪಕ್ಕದಲ್ಲಿದ್ದ ಆಟೋ ಓಡಿಸುವವರೊಬ್ಬರು ಮೆತ್ತಗೆ ಹೇಳಿದರು: “ಕಂಡಕ್ಟರ್ರು ಗಣೇಶನ್ನ ಕಿಟಕಿ ಸೀಟಲ್ಲಿ ಕೂರಿಸಿದ್ರು ತಾತ. ಬೀಳದಂಗೆ ಪಕ್ಕಕ್ಕೆ ಟವಲ್ ಒತ್ತಿಟ್ರು.”

ತಾತ ನಕ್ಕರು. “ಹೌದಾ? ಆಮೇಲೆ?”

ಆಮೇಲಿನದನ್ನು ಹೇಳಿದ್ದು ನಾನು. ಇಷ್ಟು ವರ್ಷ ತೂಕಡಿಸುತ್ತ ಕೇಳಿದ್ದೆಲ್ಲ ನನ್ನೊಳಗೆ ಹಾಗೇ ಇತ್ತು. “ಮನೆ ಸೇರೋ ಹೊತ್ತಿಗೆ ಚೌತಿ ಮುಗಿದು ಮಾರನೇ ದಿನ ಆಗಿತ್ತು. ಹೆಂಡ್ತಿ ಬೈಲಿಲ್ಲ. ಬುಟ್ಟಿ ಇಸ್ಕೊಂಡು, ‘ನಮ್ಮನೇಲಿ ಇವತ್ತೇ ಹಬ್ಬ, ಸ್ನಾನ ಮಾಡ್ಕೊಂಡ್ ಬನ್ನಿ’ ಅಂದ್ರು.”

ತಾತನ ಕಣ್ಣಲ್ಲಿ ನೀರಾಡಿತು. “ಪಾಪ. ಯಾರಮ್ಮಾ ಅವನು?”

“ನೀವೇ ತಾತ.”

ಅವರು ತಮ್ಮ ಅಂಗೈ ನೋಡಿಕೊಂಡರು. “ಆಮೇಲೆ ಅವನು ಕುಡಿಯೋದು ಬಿಟ್ನಾ?”

“ಬಿಟ್ರು. ಆ ವಾರವೇ ಇಲ್ಲಿಗೆ ಬಂದ್ರು.”

“ಒಳ್ಳೇದಾಯ್ತು,” ಎಂದರು, ಯಾರದೋ ಮನೆಯ ಶುಭಸುದ್ದಿ ಕೇಳಿದವರಂತೆ. “ನೀನು?”

“ನಾನೂ ಬಿಟ್ಟಿದೀನಿ ತಾತ.”

“ಹಂಗಾದ್ರೆ ಮುಂದಿನ್ ವಾರನೂ ಬಾಮ್ಮಾ. ನಂಗೆ ಇದೆಲ್ಲ ನೆನಪಿರಲ್ಲ.”

ಇನ್ನು ಬರುವುದಿಲ್ಲ ಎಂದು ಹೇಳದೆಯೇ, ಸಭೆ ಮುಗಿದ ಮೇಲೆ ತಾತನ ಕೈಹಿಡಿದು ಹೊರಗೆ ಕರೆತಂದೆ. ಗೇಟಿನ ಬಳಿ ಕಾಯುತ್ತಿದ್ದ ಅವರ ಮಗ, “ಮನೇಲಿ ನಮ್ ಹೆಸರೇ ತಪ್ಪಿ ಕರೀತಾರೆ ಮೇಡಂ. ಆದ್ರೆ ಭಾನುವಾರ ಬಂದ್ರೆ ಇಸ್ತ್ರಿ ಶರ್ಟ್ ಹಾಕ್ಕೊಂಡು ಬಾಗಿಲಲ್ಲಿ ಕೂತಿರ್ತಾರೆ,” ಎಂದರು.

ಮರುವಾರ ಹೋದೆ. ಅದರ ಮರುವಾರವೂ. ಸರದಿಯಂತೆ ತಾತನಿಗೆ ಅವರ ಕಥೆ ಹೇಳುತ್ತೇವೆ. ಒಂದು ಸಲ ಅವರು ಅದರ ನಡುವೆಯೇ ನನ್ನತ್ತ ತಿರುಗಿ, “ನಿಂದು ಹೇಳಮ್ಮಾ,” ಎಂದರು. ನನ್ನ ಕಥೆ ಹೇಳಿ ಯಾವ ಕಾಲವಾಗಿತ್ತೋ. ಕೇಳಿ ಕೇಳಿ ಎಲ್ಲರಿಗೂ ಸಾಕಾಗಿದೆ ಎಂದುಕೊಂಡಿದ್ದೆ. ತಾತ ಮಾತ್ರ ಮೊದಲ ಸಲ ಕೇಳುವವರ ಹಾಗೆ, ಬಾಯಿ ಅರೆ ತೆರೆದು, ಮುಂದಕ್ಕೆ ಬಾಗಿ ಕೇಳಿದರು. ಹೇಳುತ್ತ ಹೇಳುತ್ತ ನನಗೂ ಅದು ಹೊಸದಾಗಿ ಕಾಣತೊಡಗಿತು.