ಇನ್ನೂ ನುಂಗಿಲ್ಲ

ನಮ್ಮ ಕಂಪ್ಯೂಟರ್ ಮೇಡಂ ಅವರ ಎಡಗೈ ತೋರುಬೆರಳು ಸದಾ ಗಾಳಿಯಲ್ಲಿರುತ್ತಿತ್ತು. ಏನನ್ನಾದರೂ ಸೇವ್ ಮಾಡಿದೊಡನೆ ಅದು ತಾನಾಗಿ ಮೇಲೇಳುತ್ತಿತ್ತು. ಯಂತ್ರದ ಅಂಚಿನಲ್ಲಿ ಮಿಣುಕುವ ಪುಟ್ಟ ಹಸಿರು ದೀಪ ಸುಮ್ಮನಾಗುವವರೆಗೂ ಇಳಿಯುತ್ತಿರಲಿಲ್ಲ. ಅಷ್ಟು ಹೊತ್ತು ಒಂದೇ ಒಂದು ಮಾತು ಬಿಟ್ಟರೆ ಅವರು ಬೇರೇನೂ ಆಡುತ್ತಿರಲಿಲ್ಲ, ನಮ್ಮನ್ನೂ ಆಡಲು ಬಿಡುತ್ತಿರಲಿಲ್ಲ. ಸೀನು ಬಂದರೂ ತಡೆದುಕೊಳ್ಳುತ್ತಿದ್ದರು.

ಹೊನ್ನಾಳಿ ಬಸ್ ನಿಲ್ದಾಣದ ಹತ್ತಿರ, ಬೇಕರಿಯ ಮೇಲಿನ ಮಹಡಿಯಲ್ಲಿ ಅವರ ಕ್ಲಾಸು. ನಾನು ನ್ಯಾಮತಿಯಿಂದ ಬಸ್ಸಿನಲ್ಲಿ ಹೋಗುತ್ತಿದ್ದೆ. ಕಲಿತದ್ದಕ್ಕಿಂತ ಅಣಕಿಸಿದ್ದೇ ಹೆಚ್ಚು. ಕಂಡಕ್ಟರ್, ಬೇಕರಿ ಸಾಹುಕಾರ, ಪ್ರಶ್ನೆ ಕೇಳಿದರೆ ತಡಬಡಿಸುವ ನಾನು, ಎಲ್ಲರೂ ನನ್ನ ಗಂಟಲಲ್ಲಿದ್ದರು. ಮೇಡಂ ಅಂತೂ ಎಲ್ಲರೂ ಮತ್ತೆ ಮತ್ತೆ ಕೇಳುವ ಐಟಂ: ಬೆರಳೆತ್ತಿ, ಕಣ್ಣು ಕಿರಿದು ಮಾಡಿ, "ಇರಪ್ಪಾ, ಬಾಯಾಗೈತೆ, ಇನ್ನೂ ನುಂಗಿಲ್ಲ." ಒಂದು ಸಲ ಅವರೇ ನನ್ನ ಹಿಂದೆ ನಿಂತು ಪೂರ್ತಿ ಕೇಳಿದರು. ಕುತ್ತಿಗೆ ಇನ್ನೊಂಚೂರು ಮುಂದಕ್ಕೆ ಬರಬೇಕು ಎಂದು ತಿದ್ದಿ ಹೋದರು.

ಆ ಮಾತಿನ ಅರ್ಥವನ್ನು ಹೊಸಬರಿಗೆಲ್ಲ ಹೇಳುತ್ತಿದ್ದರು. ನಾವು ಕೊಟ್ಟದ್ದನ್ನು ಯಂತ್ರ ಮೊದಲು ಬಾಯಲ್ಲಿಟ್ಟುಕೊಳ್ಳುತ್ತದೆ. ಆಯ್ತು ಎಂದೂ ಹೇಳಿಬಿಡುತ್ತದೆ. ಡಿಸ್ಕಿಗೆ ಇಳಿಯುವುದು, ಅಂದರೆ ನುಂಗುವುದು, ಆಮೇಲೆ. ನಡುವೆ ಕರೆಂಟ್ ಹೋದರೆ ಹಳೆಯದೂ ಅಳಿದಿರುತ್ತದೆ, ಹೊಸದೂ ಅರ್ಧ. ಅದಕ್ಕೇ ಹಳೆಯ ಫೈಲಿನ ಮೇಲೆ ಬರೆಯಬಾರದು. ಪಕ್ಕದಲ್ಲಿ ಹೊಸದನ್ನು ಬರೆದು, ನುಂಗಿಸಿ, ತೆರೆದು ಓದಿ, ಆಮೇಲಷ್ಟೇ ಹಳೆಯದರ ಹೆಸರನ್ನು ಅದಕ್ಕೆ ಕೊಡಬೇಕು. ಮೇಡಂ ಫೈಲಿಗೂ ನಾಮಕರಣ ಮಾಡುತ್ತಾರೆ, ತೊಟ್ಟಿಲೊಂದೇ ಬಾಕಿ ಎಂದು ನಾನು ನಗಿಸುತ್ತಿದ್ದೆ.

ಜಗಳೂರು ಕಡೆಯ ಸೊಕ್ಕೆಯ ಅಣ್ಣ ಬಂದದ್ದು ಅವನ ಪರೀಕ್ಷೆಯ ಹಿಂದಿನ ದಿನ. ನಮಗಿಂತ ಮುಂಚೆ ಮೇಡಂ ಬಳಿಯೇ ಕಲಿತವನು, ಹಾಗಾಗಿ ನಮಗೆಲ್ಲ ಅಣ್ಣ; ಕಣ್ಣು ಕಾಣದು. ಪರದೆಯ ಅಕ್ಷರಗಳನ್ನು ಓದಿ ಹೇಳುವ ತನ್ನ ಲ್ಯಾಪ್‌ಟಾಪಿನಲ್ಲೇ ಉತ್ತರ ಬರೆಯಲು ಅವನಿಗೆ ಅನುಮತಿ ಸಿಕ್ಕಿತ್ತು. ಆದರೆ ಅದರ ದನಿ ಬಸ್ಸು ತಪ್ಪಿಹೋಗುತ್ತದೇನೋ ಎಂಬಂತೆ ಓಡುತ್ತಿತ್ತು, ನಿಧಾನ ಮಾಡಬೇಕಿತ್ತು. ಯಂತ್ರ ಏಳುವಾಗ ಆ ದನಿಯನ್ನು ಎಬ್ಬಿಸುವ ದೊಡ್ಡದೊಂದು ಸಿಸ್ಟಂ ಫೈಲು, ಅದರಲ್ಲಿ ತಿದ್ದಬೇಕಾದ್ದು ಒಂದೇ ಸಾಲು. ಫೈಲ್ ಕೆಟ್ಟರೆ ಯಂತ್ರ ಮೂಕ, ಪರೀಕ್ಷೆಯೂ ಹೋದಂತೆ. ಬ್ಯಾಟರಿ ಸತ್ತಿತ್ತು, ಗೋಡೆಯ ಕರೆಂಟೇ ಗತಿ.

ಒಂದು ಸಾಲು ತಾನೆ, ಅಲ್ಲೇ ತಿದ್ದೋಣ ಎಂದು ನಾನು ಕೀಲಿಮಣೆಗೆ ಕೈ ಹಾಕಿದೆ. ಮೇಡಂ ನನ್ನ ಕೈ ಸರಿಸಿ, ಪಕ್ಕದಲ್ಲಿ ಹೊಸ ಫೈಲ್ ತೆರೆದು, ಹಳೆಯದನ್ನೆಲ್ಲ ಅದಕ್ಕೆ ನಕಲಿಸಿ, ಆ ಸಾಲು ತಿದ್ದಿ, ಸೇವ್ ಒತ್ತಿದರು. ಬೆರಳು ಮೇಲೆದ್ದಿತು. ಅಷ್ಟರಲ್ಲಿ ಕರೆಂಟ್ ಹೋಯಿತು. ಪರದೆ ಕಪ್ಪಾಯಿತು, ತಲೆಯ ಮೇಲಿನ ಫ್ಯಾನ್ ನಿಧಾನಕ್ಕೆ ನಿಂತಿತು.

ಅಣ್ಣ ಕೈ ಚಾಚಿ ಬೆರಳುಗಳನ್ನು ಕೀಲಿಗಳ ಮೇಲೆ ಇಟ್ಟ. "ಮೇಡಂ, ನಾಳೆ ಇದು ಮಾತಾಡ್ತೈತಾ?"

"ಹಳೇದನ್ನ ಮುಟ್ಟಿಲ್ಲ ಕಣಪ್ಪಾ. ಅದು ಇದ್ದಂಗೇ ಐತೆ," ಎಂದರು. ದನಿ ಗಟ್ಟಿಯಾಗಿತ್ತು, ದೀಪ ಆರಿಹೋಗಿದ್ದರೂ ಎತ್ತಿದ ಬೆರಳು ಮಾತ್ರ ಇಳಿದಿರಲಿಲ್ಲ. ಆ ಗಳಿಗೆಯನ್ನು ನಾನು ಯಾವತ್ತೂ ಅಣಕಿಸಿಲ್ಲ.

ಕರೆಂಟ್ ಬಂತು. ಯಂತ್ರ ಎದ್ದು, ಅದೇ ಓಡುವ ದನಿಯಲ್ಲಿ ನಮಸ್ಕಾರ ಎಂದಿತು. ಅಣ್ಣ ಹಣೆಯನ್ನು ಮೇಜಿಗೆ ಒರಗಿಸಿದ. ಹೊಸ ಫೈಲ್ ತೆರೆದು ನೋಡಿದೆ: ಒಂದು ಪದದ ನಡುವೆಯೇ ಮುರಿದಿತ್ತು, ಅಲ್ಲಿಂದಾಚೆ ಖಾಲಿ. ಮೇಡಂ ನನ್ನ ಮುಖ ನೋಡಲಿಲ್ಲ. ಅರ್ಧದ್ದನ್ನು ಅಳಿಸಿ, ಅವಸರವಿಲ್ಲದೆ ಮೊದಲಿಂದ ಶುರುಮಾಡಿದರು. ಈ ಸಲ ನುಂಗಿತು. ಓದಿ ನೋಡಿ, ಹೆಸರು ಬದಲಿಸಿದರು. ಅಣ್ಣ ಪರೀಕ್ಷೆ ಬರೆದ. ಈಗ ಜಗಳೂರಿನಲ್ಲಿ ಮೇಷ್ಟ್ರು.

ಹೋದ ವರ್ಷ ಮೇಡಂ ತೀರಿಕೊಂಡರು. ಕೆಲವು ದಿನ ಬಿಟ್ಟು ಅಣ್ಣ ಫೋನ್ ಮಾಡಿ, ದಿನಾ ಯಂತ್ರ ಆರಿಸುವ ಮುಂಚೆ ನನಗೆ ಕೇಳಿಸಬೇಕು, ಮೇಡಂ ದನಿಯಲ್ಲಿ ‘ಇನ್ನೂ ನುಂಗಿಲ್ಲ’ ಅಂತ ಹೇಳಿ ಕಳಿಸು ಎಂದ. ರೆಕಾರ್ಡ್ ಮಾಡಿ ಕಳಿಸಿದೆ.

"ಚಲೋ ಐತೆ. ಆದ್ರೆ ಅವರು ಇಷ್ಟು ನಯವಾಗಿ ಹೇಳ್ತಿರಲಿಲ್ಲ ಬಿಡೋ," ಎಂದ.

ಕುತ್ತಿಗೆ ಒಂಚೂರು ಮುಂದೆ ತಂದು ಮತ್ತೆ ಹೇಳಿದೆ. ಮೊದಲಿನದರ ಮೇಲೆ ಬರೆಯಲಿಲ್ಲ. ಪಕ್ಕದಲ್ಲಿ ಹೊಸದಾಗಿ ಸೇವ್ ಒತ್ತಿದೆ. ಹಸಿರು ದೀಪ ಮಿಣುಕತೊಡಗಿತು. ನೋಡಿದರೆ ನನ್ನ ಎಡಗೈ ಬೆರಳು ಮೇಲೆದ್ದಿದೆ. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ನಾನು ಯಾರನ್ನೂ ನಗಿಸುತ್ತಿರಲಿಲ್ಲ.